ಮಳೆಗೂ ವಿಮೆ: ಒಂದು ಹೋಬಳಿಯ ಅಳತೆ, ಒಬ್ಬ ರೈತನ ಪರಿಹಾರ

ಆಕಸ್ಮಿಕವಾಗಿ ಒದಗುವ ನಷ್ಟವನ್ನು ಒಬ್ಬನ ತಲೆಯ ಮೇಲೆಯೇ ಬೀಳಗೊಡದೆ, ಅದೇ ಬಗೆಯ ಅಪಾಯವನ್ನು ಎದುರಿಸುತ್ತಿರುವ ಹಲವರ ನಡುವೆ ಹಂಚಿಕೊಳ್ಳುವ ಏರ್ಪಾಟಿಗೆ ವಿಮೆ ಎಂದು ಹೆಸರು. ಜೀವ ವಿಮೆ, ವಾಹನ ವಿಮೆ, ಆರೋಗ್ಯ ವಿಮೆಗಳ ಪರಿಚಯ ಇಂದು ಬಹುತೇಕ ಎಲ್ಲ ಮನೆಗಳಿಗೂ ಇದೆ. ಇವುಗಳ ಆಚೆಗೆ, ಒಂದು ನಿರ್ದಿಷ್ಟ ವೃತ್ತಿಗೆ ಅಥವಾ ಒಂದು ನಿರ್ದಿಷ್ಟ ಅಪಾಯಕ್ಕೆಂದೇ ರೂಪುಗೊಂಡ ವಿಶೇಷ ವಿಮೆಗಳ ದೊಡ್ಡ ವರ್ಗವೊಂದಿದೆ. ಹೂಮಳೆ ತಡವಾದರೆ ಕಾಫಿ ಬೆಳೆಗಾರನಿಗೆ ಹಣ ಕೊಡುವ ವಿಮೆ, ಬಿಸಿಲು ಮಿತಿ ಮೀರಿದರೆ ಕೂಲಿ ಹೆಂಗಸಿಗೆ ಪರಿಹಾರ ಕೊಡುವ ವಿಮೆ, ಒಣಗಿ ನಿಂತ ತೆಂಗಿನ ಮರಕ್ಕೆ ಬೆಲೆ ಕಟ್ಟುವ ವಿಮೆ ಇವೆಲ್ಲ ಆ ವರ್ಗಕ್ಕೆ ಸೇರುತ್ತವೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಂತಹ ಹೋಬಳಿಯ ರೈತನಿಗೆ ಈ ವರ್ಗದ ವಿಮೆ ದೂರದ ವಿಷಯವಲ್ಲ, ಏಕೆಂದರೆ ಅವನ ರಾಗಿ ಹೊಲಕ್ಕೆ ದೊರೆಯುವ ವಿಮೆಯೂ ಇದೇ ಜಾತಿಯದು. ಅದರಲ್ಲಿ ಪರಿಹಾರ ತೀರ್ಮಾನವಾಗುವುದು ಮುಖ್ಯವಾಗಿ ಅವನ ಹೊಲದ ನಷ್ಟವನ್ನು ನೋಡಿ ಅಲ್ಲ, ಅವನ ಹೋಬಳಿಯಲ್ಲಿ ಅಥವಾ ಗ್ರಾಮ ಪಂಚಾಯಿತಿಯಲ್ಲಿ ನಡೆಯುವ ಒಂದು ಅಳತೆಯನ್ನು ನೋಡಿ. ಆ ಅಳತೆ ಏನು, ಅದು ಎಲ್ಲಿಂದ ಬಂತು, ಅದು ನಂಬಿಕೆಗೆ ಅರ್ಹವಾಗಿರಬೇಕಾದರೆ ಏನಾಗಬೇಕು ಎಂಬುದು ಈ ಭಾಷಣದ ವಿಷಯ.

ಬೆಳೆಗೆ ವಿಮೆ ಮಾಡುವುದು ಮನೆಗೋ ಲಾರಿಗೋ ವಿಮೆ ಮಾಡುವಷ್ಟು ಸುಲಭವಲ್ಲ ಎಂಬುದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ವಿಮೆ ಇದೆಯೆಂಬ ಧೈರ್ಯದಿಂದ ಆರೈಕೆ ಸಡಿಲವಾಗುವ ಸಾಧ್ಯತೆ. ಕಳೆ ತೆಗೆಯದೆ, ಗೊಬ್ಬರ ಹಾಕದೆ ಕಳೆದುಕೊಂಡ ಬೆಳೆಯನ್ನೂ ಮಳೆಯಿಲ್ಲದೆ ಕಳೆದುಕೊಂಡ ಬೆಳೆಯನ್ನೂ ಹೊಲದಲ್ಲಿ ನಿಂತು ಬೇರ್ಪಡಿಸಿ ಹೇಳುವುದು ಪರಿಣತನಿಗೂ ಕಷ್ಟ. ಇದನ್ನು ವಿಮಾಶಾಸ್ತ್ರದಲ್ಲಿ ನೈತಿಕ ಅಪಾಯ ಎನ್ನುತ್ತಾರೆ. ಎರಡನೆಯದು ಪ್ರತಿಕೂಲ ಆಯ್ಕೆ, ಅಂದರೆ ನಷ್ಟದ ಸಂಭವ ಹೆಚ್ಚಿರುವ ಜಮೀನಿನವರೇ ವಿಮೆಗೆ ಮುಂದೆ ಬಂದು, ನೀರಾವರಿಯ ಭದ್ರತೆ ಇರುವವರು ಹಿಂದೆ ಉಳಿಯುವುದು. ಹೀಗಾದಾಗ ಕಟ್ಟಿದ ಕಂತುಗಳ ಮೊತ್ತ ಪರಿಹಾರಕ್ಕೆ ಸಾಲದೆ ಹೋಗುತ್ತದೆ. ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಒಂದು ಊರಿನಲ್ಲಿ ಒಂದೇ ದಿನ ನೂರು ಮನೆಗಳಿಗೆ ಬೆಂಕಿ ಬೀಳುವುದಿಲ್ಲ, ಆದರೆ ಬರ ಬಂದರೆ ಒಂದೇ ಋತುವಿನಲ್ಲಿ ನೂರು ಹಳ್ಳಿಗಳ ಬೆಳೆ ಒಣಗುತ್ತದೆ. ಆದ್ದರಿಂದ ಬೆಳೆ ವಿಮೆ ಮಾಡುವ ಸಂಸ್ಥೆಯು ತಾನು ಹೊತ್ತ ಅಪಾಯದ ಒಂದು ಪಾಲನ್ನು ಇನ್ನೂ ದೊಡ್ಡ ಸಂಸ್ಥೆಗಳಲ್ಲಿ ವಿಮೆ ಮಾಡಿಸಬೇಕಾಗುತ್ತದೆ. ಇದಕ್ಕೆ ಮರುವಿಮೆ ಎಂದು ಹೆಸರು. ಇವುಗಳ ಜೊತೆಗೆ ಒಂದೆರಡು ಎಕರೆಯ ಲಕ್ಷಾಂತರ ಹಿಡುವಳಿಗಳನ್ನು ಒಂದೊಂದಾಗಿ ಹೋಗಿ ನೋಡಿ ಬರುವ ಖರ್ಚು ಸೇರಿದರೆ, ಕಂತಿನ ಹಣಕ್ಕಿಂತ ತಪಾಸಣೆಯ ವೆಚ್ಚವೇ ಹೆಚ್ಚಾಗಿಬಿಡುತ್ತದೆ.

ಈ ತೊಡಕಿಗೆ ಒಂದು ಪರಿಹಾರವನ್ನು ಬಹಳ ಹಿಂದೆಯೇ ಹುಡುಕಿದವರು ಮೈಸೂರು ಸಂಸ್ಥಾನದ ಹಣಕಾಸು ಆಡಳಿತದಲ್ಲಿ ಹಿರಿಯ ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿಯವರು ಎಂಬುದು ಕನ್ನಡಿಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ಸಂಸ್ಥಾನವನ್ನು ಕಾಡಿದ ಬರದ ಭೀಕರತೆಯನ್ನು ಜನಗಣತಿಯ ಅಂಕಿಗಳೇ ಹೇಳುತ್ತವೆ: 1871ರಲ್ಲಿ 50 ಲಕ್ಷಕ್ಕೂ ಮೀರಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆಯಾಗಿತ್ತು. ಆ ಬಳಿಕ 1891ರಲ್ಲಿ ಸಂಸ್ಥಾನವು ತನ್ನ ನೌಕರರಿಗಾಗಿ ಸರ್ಕಾರಿ ಜೀವ ವಿಮೆಯನ್ನು ಆರಂಭಿಸಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರಿಂದ ಬೆಳೆದು ಬಂದದ್ದು. ಹೀಗೆ ಬರದ ನೆನಪೂ ವಿಮೆಯ ಅನುಭವವೂ ಒಂದೇ ಕಡೆ ಕೂಡಿದ್ದ ರಾಜ್ಯದಲ್ಲಿ, ಚಕ್ರವರ್ತಿಯವರು 1915ರ ಹೊತ್ತಿಗೆ ಮಳೆ ವಿಮೆಯ ಪ್ರಸ್ತಾಪವನ್ನು ಮುಂದಿಟ್ಟು, 1920ರಲ್ಲಿ ಭಾರತದ ಪರಿಸ್ಥಿತಿಗೆ ಹೊಂದುವ ಕೃಷಿ ವಿಮೆಯ ಪ್ರಾಯೋಗಿಕ ಯೋಜನೆಯೊಂದನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದರು.

ಅವರ ಆಲೋಚನೆಯ ಸಾರವನ್ನು ಹೀಗೆ ಹೇಳಬಹುದು. ರೈತನ ಬೆಳೆ ಎಷ್ಟು ಹಾಳಾಯಿತೆಂದು ಹೊಲದಿಂದ ಹೊಲಕ್ಕೆ ಹೋಗಿ ಪರೀಕ್ಷಿಸುವುದು ಈ ದೇಶದಲ್ಲಿ ಆಗುವ ಕೆಲಸವಲ್ಲ. ಆದರೆ ಬೆಳೆ ಹಾಳಾಗಲು ಮುಖ್ಯ ಕಾರಣ ಮಳೆಯ ಕೊರತೆಯಾಗಿರುವಾಗ, ಆ ಮಳೆಯನ್ನು ಅಳೆಯುವ ಮಾಪಕಗಳು ಆಗಲೇ ಇರುವಾಗ, ಹಲವು ದಶಕಗಳ ದಾಖಲೆಯೂ ಕೈಗೆ ಸಿಗುವಾಗ, ಮಳೆಯ ಕೊರತೆಯನ್ನೇ ವಿಮೆಗೆ ಒಳಪಡಿಸಬಾರದೇಕೆ? ಮಾಪಕದ ಅಂಕಿ ನಿಗದಿಯಾದ ಪ್ರಮಾಣಕ್ಕಿಂತ ಕೆಳಗಿಳಿದರೆ ಆ ಪ್ರದೇಶದ ವಿಮಾದಾರರಿಗೆಲ್ಲ ಪರಿಹಾರ ದೊರೆಯಬೇಕು. ಈ ಏರ್ಪಾಟಿನಲ್ಲಿ ರೈತನು ಆರೈಕೆಯನ್ನು ಸಡಿಲಿಸಿದರೆ ಅವನಿಗೆ ಲಾಭವಿಲ್ಲ, ಏಕೆಂದರೆ ಮಾಪಕದಲ್ಲಿ ಬೀಳುವ ನೀರು ಯಾರ ಮಾತನ್ನೂ ಕೇಳುವುದಿಲ್ಲ. ಒಳ್ಳೆಯ ಬೇಸಾಯ ಮಾಡಿ ಬರದಲ್ಲೂ ಅಷ್ಟಿಷ್ಟು ಉಳಿಸಿಕೊಂಡವನಿಗೆ ಉಳಿದ ಬೆಳೆಯೂ ಸಿಗುತ್ತದೆ, ಪರಿಹಾರವೂ ಸಿಗುತ್ತದೆ. ನಷ್ಟದ ಬದಲಿಗೆ ನಷ್ಟವನ್ನು ಸೂಚಿಸುವ ಒಂದು ಅಂಕಿಯನ್ನು ಆಧಾರವಾಗಿ ಹಿಡಿಯುವ ಇಂತಹ ವಿಮೆಗೆ ಇಂದು ಜಗತ್ತಿನಾದ್ಯಂತ ಸೂಚ್ಯಂಕ ಆಧಾರಿತ ವಿಮೆ ಎಂದು ಹೆಸರಿದೆ. ಚಕ್ರವರ್ತಿಯವರ ಯೋಜನೆ ಅವರ ಕಾಲದಲ್ಲಿ ಜಾರಿಗೆ ಬರಲಿಲ್ಲ. ಆದರೆ ಆ ಬಗೆಯ ವಿಮೆಯನ್ನು ರೈತನಿಗಾಗಿ ಕೂಲಂಕಷವಾಗಿ ಯೋಚಿಸಿದ ಮೊದಲಿಗರಲ್ಲಿ ಅವರನ್ನು ಎಣಿಸಲಾಗುತ್ತದೆ.

ಸ್ವಾತಂತ್ರ್ಯಾನಂತರ ದೇಶ ಮೊದಲು ಹಿಡಿದದ್ದು ಹೊಲದಿಂದ ಹೊಲಕ್ಕೆ ಹೋಗಿ ನೋಡುವ ದಾರಿಯನ್ನೇ. 1972ರಲ್ಲಿ ಗುಜರಾತಿನ ಎಚ್-4 ಹತ್ತಿ ಬೆಳೆಗೆ ಆರಂಭವಾಗಿ, ಮುಂದೆ ಭಾರತೀಯ ಸಾಮಾನ್ಯ ವಿಮಾ ನಿಗಮದ ಕೈಗೆ ಬಂದು ಕೆಲವು ರಾಜ್ಯಗಳಿಗೆ ಹರಡಿದ ಆ ಪ್ರಯೋಗ 1978-79ರವರೆಗೆ ನಡೆಯಿತು. ಅಷ್ಟು ವರ್ಷಗಳಲ್ಲಿ ಅದು ತಲುಪಿದ್ದು 3,110 ರೈತರನ್ನು ಮಾತ್ರ. ಬಂದ ಕಂತು 4.54 ಲಕ್ಷ ರೂಪಾಯಿ, ಕೊಟ್ಟ ಪರಿಹಾರ 37.88 ಲಕ್ಷ ರೂಪಾಯಿ. ಒಂದೊಂದು ಹೊಲವನ್ನು ಬೇರೆ ಬೇರೆಯಾಗಿ ವಿಮೆ ಮಾಡುವ ಕ್ರಮ ನಿಲ್ಲಲಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಕಿರಲಿಲ್ಲ. ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರರು 1976ರಲ್ಲಿ ಒಂದೇ ತೆರನ ಮಣ್ಣು, ಮಳೆ, ಬೇಸಾಯವಿರುವ ಪ್ರದೇಶವನ್ನು ಒಂದು ಘಟಕವಾಗಿ ತೆಗೆದುಕೊಂಡು, ಆ ಘಟಕದ ಸರಾಸರಿ ಇಳುವರಿ ಕುಸಿದಾಗ ಅಲ್ಲಿನ ವಿಮಾದಾರರೆಲ್ಲರಿಗೂ ಒಂದೇ ದರದಲ್ಲಿ ಪರಿಹಾರ ಕೊಡಬೇಕೆಂದು ವಾದಿಸಿದರು. 1979ರ ಪ್ರಾಯೋಗಿಕ ಯೋಜನೆ, 1985ರ ಸಮಗ್ರ ಬೆಳೆ ವಿಮಾ ಯೋಜನೆ, 1999ರ ಹಿಂಗಾರಿನಲ್ಲಿ ಬಂದ ರಾಷ್ಟ್ರೀಯ ಕೃಷಿ ವಿಮಾ ಯೋಜನೆ, 2016ರ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಎಲ್ಲವೂ ಈ ಪ್ರದೇಶಾಧಾರಿತ ತತ್ತ್ವದ ಮೇಲೆಯೇ ನಿಂತಿವೆ.

ಇದರ ಜೊತೆಜೊತೆಗೆ ಚಕ್ರವರ್ತಿಯವರ ಮಳೆ ವಿಮೆಯ ಆಲೋಚನೆಯೂ ಎಂಟು ದಶಕಗಳ ಬಳಿಕ ಹೊಸ ರೂಪದಲ್ಲಿ ಮರಳಿ ಬಂತು. 2003ರಲ್ಲಿ ಆಗಿನ ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಯಲ್ಲಿ ಕಡಲೆಕಾಯಿ ಮತ್ತು ಹರಳು ಬೆಳೆಯುವ ಸಣ್ಣ ರೈತರಿಗೆ ಮಳೆಯ ಅಂಕಿಯನ್ನು ಆಧರಿಸಿದ ವಿಮೆಯನ್ನು ಮಾರಲಾಯಿತು. 2007ರ ಮುಂಗಾರಿನಲ್ಲಿ ಭಾರತೀಯ ಕೃಷಿ ವಿಮಾ ಕಂಪನಿಯು ಹವಾಮಾನ ಆಧಾರಿತ ಬೆಳೆ ವಿಮೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದ್ದು ಕರ್ನಾಟಕದಲ್ಲಿಯೇ, 70 ಹೋಬಳಿಗಳಲ್ಲಿ. ಹೋಬಳಿಯೆಂದರೆ ತಾಲ್ಲೂಕಿನ ಒಳಗಿನ, ಹಲವು ಗ್ರಾಮಗಳನ್ನು ಕೂಡಿಸಿದ ಕಂದಾಯ ವಿಭಾಗ. ಹೊಸಕೋಟೆ ತಾಲ್ಲೂಕಿನಲ್ಲಿ ಕಸಬಾ, ಸೂಲಿಬೆಲೆ, ನಂದಗುಡಿ, ಜಡಿಗೇನಹಳ್ಳಿ, ಅನುಗೊಂಡನಹಳ್ಳಿ ಎಂಬ ಐದು ಹೋಬಳಿಗಳಿವೆ. ಕಂದಾಯದ ಅನುಕೂಲಕ್ಕಾಗಿ ಎಂದೋ ಹಾಕಿದ ಈ ಗೆರೆಗಳು ಹೀಗೆ ವಿಮೆಯ ಗೆರೆಗಳೂ ಆದವು.

ಮಳೆ ವಿಮೆಯ ಲೆಕ್ಕ ಹೇಗೆ ನಡೆಯುತ್ತದೆಂಬುದನ್ನು ಕಲ್ಪಿತ ಅಂಕಿಗಳ ಮೂಲಕ ತಿಳಿಯಬಹುದು. ರಾಗಿ ಹೊಡೆ ತುಂಬುವ ದಿನಗಳಿಗೆ ಒಂದು ಅವಧಿಯನ್ನು ಗೊತ್ತುಮಾಡಿ, ಆ ಅವಧಿಯಲ್ಲಿ 60 ಮಿಲಿಮೀಟರಿಗಿಂತ ಕಡಿಮೆ ಮಳೆಯಾದರೆ ಕೊರತೆಯ ಪ್ರತಿ ಮಿಲಿಮೀಟರಿಗೆ 100 ರೂಪಾಯಿಯೆಂದೂ, ಮಳೆ 20 ಮಿಲಿಮೀಟರಿಗೆ ಇಳಿದರೆ ಪೂರ್ಣ 4,000 ರೂಪಾಯಿಯೆಂದೂ ಕರಾರಾಗಿದೆ ಎಂದುಕೊಳ್ಳೋಣ. ಮಾಪಕ 45 ಮಿಲಿಮೀಟರ್ ತೋರಿಸಿದರೆ 15 ಮಿಲಿಮೀಟರ್ ಕೊರತೆಗೆ 1,500 ರೂಪಾಯಿ ದೊರೆಯುತ್ತದೆ. ಯಾರೂ ಅರ್ಜಿ ಹಾಕಬೇಕಿಲ್ಲ, ಯಾರೂ ಹೊಲಕ್ಕೆ ಬರಬೇಕಿಲ್ಲ. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಕೈಕೊಟ್ಟರೆ ರಾಗಿಯ ಕಾಳು ಜೊಳ್ಳಾಗುತ್ತದೆಂಬ ರೈತನ ಲೆಕ್ಕವೂ ವಿಮೆಯ ಕರಾರೂ ಇಲ್ಲಿ ಒಂದೇ ತತ್ತ್ವವನ್ನು ಹೇಳುತ್ತವೆ: ಒಟ್ಟು ಮಳೆ ಎಷ್ಟೆಂಬುದಕ್ಕಿಂತ ಯಾವ ಹಂತದಲ್ಲಿ ಬಂತೆಂಬುದು ಮುಖ್ಯ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ಬೆಳೆಗಾರರಿಗಾಗಿ ಕಾಫಿ ಮಂಡಳಿ ಬೆಂಬಲಿಸಿದ ಮಳೆ ವಿಮೆಯಲ್ಲಿ ಈ ತತ್ತ್ವ ಇನ್ನೂ ಸೂಕ್ಷ್ಮವಾಗಿ ಕಾಣುತ್ತದೆ. ಅಲ್ಲಿ ಮೊಗ್ಗು ಅರಳಿಸುವ ಹೂಮಳೆಗೆ ಒಂದು ಕರಾರು, ಅದರ ಹಿಂದೆಯೇ ಕಾಯಿ ಕಚ್ಚಲು ಬೇಕಾಗುವ ಬ್ಯಾಕಿಂಗ್ ಮಳೆಗೆ ಇನ್ನೊಂದು, ಮುಂಗಾರಿನಲ್ಲಿ ಸುರಿಯುವ ಅತಿವೃಷ್ಟಿಗೆ ಮತ್ತೊಂದು.

ಇಂದು ಅನುಗೊಂಡನಹಳ್ಳಿಯ ಸುತ್ತಿನ ರಾಗಿ ಬೆಳೆಗಾರನಿಗೆ ನೇರವಾಗಿ ಸಂಬಂಧಿಸಿದ್ದು ಫಸಲ್ ಬಿಮಾ ಯೋಜನೆ. ಇದರಲ್ಲಿ ಮುಂಗಾರಿನ ಆಹಾರ ಧಾನ್ಯ, ದ್ವಿದಳ, ಎಣ್ಣೆಕಾಳು ಬೆಳೆಗಳಿಗೆ ರೈತನು ವಿಮಾ ಮೊತ್ತದ ಗರಿಷ್ಠ ಶೇ. 2ರಷ್ಟು, ಹಿಂಗಾರಿನ ಬೆಳೆಗಳಿಗೆ ಶೇ. 1.5ರಷ್ಟು, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ. 5ರಷ್ಟು ಕಂತು ಕಟ್ಟುತ್ತಾನೆ; ನಿಜವಾದ ಕಂತು ಇದಕ್ಕಿಂತ ಹೆಚ್ಚಿದ್ದರೆ ಉಳಿದ ಭಾಗವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ. 2020ರ ಮುಂಗಾರಿನಿಂದ ಬೆಳೆ ಸಾಲ ಪಡೆದವರಿಗೂ ಈ ವಿಮೆ ಐಚ್ಛಿಕವಾಗಿದೆ. ಕರ್ನಾಟಕದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೂ ಕಡಿಮೆ ವಿಸ್ತೀರ್ಣದ ಬೆಳೆಗಳಿಗೆ ಹೋಬಳಿಯೂ ವಿಮಾ ಘಟಕವಾಗಿರುತ್ತವೆ. ಕಳೆದ ಏಳು ವರ್ಷಗಳಲ್ಲಿ ಅತ್ಯುತ್ತಮವಾದ ಐದು ವರ್ಷಗಳ ಸರಾಸರಿ ಇಳುವರಿಯನ್ನು ತೆಗೆದು, ಅದನ್ನು ಆ ಬೆಳೆಗೆ ಗೊತ್ತುಪಡಿಸಿದ ಶೇ. 70, 80 ಅಥವಾ 90ರ ಮಟ್ಟಕ್ಕೆ ಇಳಿಸಿದರೆ ಬರುವ ಅಂಕಿಗೆ ಖಾತರಿ ಇಳುವರಿ ಎನ್ನಬಹುದು. ಆ ವರ್ಷದ ವಾಸ್ತವ ಇಳುವರಿ ಅದಕ್ಕಿಂತ ಎಷ್ಟು ಭಾಗ ಕಡಿಮೆಯಾಯಿತೋ ವಿಮಾ ಮೊತ್ತದ ಅಷ್ಟು ಭಾಗ ಪರಿಹಾರವಾಗಿ ಬರುತ್ತದೆ. ಉದಾಹರಣೆಗೆ ಸರಾಸರಿ ಹೆಕ್ಟೇರಿಗೆ 20 ಕ್ವಿಂಟಾಲ್, ಮಟ್ಟ ಶೇ. 80 ಎಂದಾದರೆ ಖಾತರಿ ಇಳುವರಿ 16 ಕ್ವಿಂಟಾಲ್. ಆ ವರ್ಷ ಬಂದದ್ದು 12 ಕ್ವಿಂಟಾಲ್ ಎಂದಾದರೆ ಕೊರತೆ 4 ಕ್ವಿಂಟಾಲ್, ಎಂದರೆ ಕಾಲು ಭಾಗ. ಹೆಕ್ಟೇರಿಗೆ 40,000 ರೂಪಾಯಿಗೆ ವಿಮೆಯಾಗಿದ್ದರೆ, 800 ರೂಪಾಯಿ ಕಂತು ಕಟ್ಟಿದ ರೈತನಿಗೆ 10,000 ರೂಪಾಯಿ ಬರಬೇಕು.

ಆ ವಾಸ್ತವ ಇಳುವರಿಯ ಅಂಕಿ ಹುಟ್ಟುವುದು ಬೆಳೆ ಕಟಾವು ಪ್ರಯೋಗದಲ್ಲಿ, ಮತ್ತು ಈ ಪ್ರಯೋಗವನ್ನು ಹತ್ತಿರದಿಂದ ನೋಡುವುದು ಅಗತ್ಯ. ಪಂಚಾಯಿತಿಯ ವ್ಯಾಪ್ತಿಯಲ್ಲಿ ಸರ್ವೆ ನಂಬರುಗಳನ್ನು ಚೀಟಿ ಎತ್ತಿದ ಹಾಗೆ, ಯಾರ ಇಷ್ಟಾನಿಷ್ಟಕ್ಕೂ ಒಳಪಡದಂತೆ ಆರಿಸಿ, ಒಂದು ಬೆಳೆಗೆ ನಾಲ್ಕು ಪ್ರಯೋಗಗಳನ್ನು ಗೊತ್ತುಮಾಡುತ್ತಾರೆ. ಕುಯ್ಲಿನ ದಿನ ಸರ್ಕಾರಿ ಸಿಬ್ಬಂದಿಯೂ ವಿಮಾ ಕಂಪನಿಯ ಪ್ರತಿನಿಧಿಯೂ ಹೊಲಕ್ಕೆ ಬಂದು, ಹೊಲದೊಳಗೆ ಲೆಕ್ಕದ ಪ್ರಕಾರ ಬಂದ ಬಿಂದುವಿನಿಂದ ಐದು ಮೀಟರ್ ಉದ್ದ ಐದು ಮೀಟರ್ ಅಗಲಕ್ಕೆ ಟೇಪು ಹಿಡಿದು, ನಾಲ್ಕು ಮೂಲೆಗೆ ಗೂಟ ಹೊಡೆದು ಹಗ್ಗ ಕಟ್ಟುತ್ತಾರೆ. ಹಗ್ಗದ ಒಳಗಿನ ತೆನೆಗಳನ್ನು ಮಾತ್ರ ಕೊಯ್ದು, ಬಡಿದು, ತೂರಿ, ಕಾಳನ್ನು ತೂಗಿ, ಫೋಟೋ ಮತ್ತು ಸ್ಥಳದ ಗುರುತಿನ ಸಮೇತ ಮೊಬೈಲ್ ಆ್ಯಪಿನಲ್ಲಿ ದಾಖಲಿಸುತ್ತಾರೆ. ಹಸಿ ಕಾಳಿನ ತೂಕಕ್ಕೂ ಒಣಗಿದ ಕಾಳಿನ ತೂಕಕ್ಕೂ ವ್ಯತ್ಯಾಸವಿರುವುದರಿಂದ ತೇವದ ಲೆಕ್ಕವನ್ನೂ ಸರಿಹೊಂದಿಸಬೇಕಾಗುತ್ತದೆ.

ಹೀಗೆ ತೂಗುವ ರಾಗಿ ಎಷ್ಟು? ಒಂದು ಹೆಕ್ಟೇರಿನಲ್ಲಿ ಇಂತಹ 25 ಚದರ ಮೀಟರಿನ ತುಂಡುಗಳು 400 ಆಗುತ್ತವೆ. ಹೆಕ್ಟೇರಿಗೆ 16 ಕ್ವಿಂಟಾಲ್ ಎಂದರೆ ತುಂಡಿಗೆ ನಾಲ್ಕು ಕಿಲೋ. 12 ಕ್ವಿಂಟಾಲ್ ಎಂದರೆ ಮೂರು ಕಿಲೋ. ಮೇಲಿನ ಉದಾಹರಣೆಯಲ್ಲಿ ಪರಿಹಾರ ಏನೂ ಇಲ್ಲದಿರುವುದಕ್ಕೂ ಹೆಕ್ಟೇರಿಗೆ ಹತ್ತು ಸಾವಿರ ದೊರೆಯುವುದಕ್ಕೂ ನಡುವಿನ ಅಂತರ ತುಂಡೊಂದಕ್ಕೆ ಒಂದು ಕಿಲೋ ರಾಗಿ. ನಾಲ್ಕು ತುಂಡುಗಳಲ್ಲಿ ಒಂದರಲ್ಲಿ ಮಾತ್ರ ಒಂದು ಕಿಲೋ ತಪ್ಪು ತೂಕವಾದರೂ ಇಡೀ ಪಂಚಾಯಿತಿಯ ಸರಾಸರಿ ಹೆಕ್ಟೇರಿಗೆ ಒಂದು ಕ್ವಿಂಟಾಲಿನಷ್ಟು ಸರಿಯುತ್ತದೆ. ನಾಲ್ಕೂ ತುಂಡುಗಳನ್ನು ಕೂಡಿಸಿದರೆ ನೂರು ಚದರ ಮೀಟರ್; ಅಷ್ಟು ನೆಲದ ಫಸಲು ಪಂಚಾಯಿತಿಯ ಎಲ್ಲ ವಿಮಾದಾರರ ಪರಿಹಾರವನ್ನು ತೀರ್ಮಾನಿಸುತ್ತದೆ. ಹಗ್ಗ ಒಂದು ಸಾಲು ಆಚೆಗೆ ಸರಿಯುವುದು, ಕುಯ್ಲು ಮುಗಿದ ಮೇಲೆ ಸಿಬ್ಬಂದಿ ಬರುವುದು, ಅಂದಾಜಿನ ಮೇಲೆ ಅಂಕಿ ತುಂಬುವುದು ಇವು ಸಣ್ಣ ಲೋಪಗಳಂತೆ ಕಂಡರೂ ಅವುಗಳ ಪರಿಣಾಮ ನೂರಾರು ಕುಟುಂಬಗಳ ಮೇಲೆ ಆಗುತ್ತದೆ. ಆದಕಾರಣ ಬೆಳೆ ಕಟಾವು ಪ್ರಯೋಗವನ್ನು ಇಲಾಖೆಯ ಕೆಲಸವೆಂದು ದೂರ ನಿಂತು ನೋಡದೆ, ಊರಿನ ರೈತರು ಅಲ್ಲಿ ಹಾಜರಿದ್ದು ಅಳತೆಯನ್ನೂ ತೂಕವನ್ನೂ ಕಣ್ಣಾರೆ ನೋಡುವುದು ಅವರ ಹಕ್ಕಿಗಿಂತ ಹೆಚ್ಚಾಗಿ ಅವರ ಹಿತ.

ಅಳತೆ ಎಷ್ಟೇ ನಿಷ್ಕೃಷ್ಟವಾಗಿದ್ದರೂ ಸೂಚ್ಯಂಕ ವಿಮೆಯಲ್ಲಿ ಒಂದು ಕೊರತೆ ಉಳಿದೇ ಇರುತ್ತದೆ. ಮಾಪಕವಿರುವ ಕಡೆ ಮಳೆ ಬಿದ್ದು ಎರಡು ಮೈಲಿ ಆಚೆಯ ಹೊಲ ಒಣಗಿರಬಹುದು; ಪಂಚಾಯಿತಿಯ ಸರಾಸರಿ ಚೆನ್ನಾಗಿದ್ದು ಒಬ್ಬನ ರಾಗಿ ಮಾತ್ರ ಕೆಟ್ಟಿರಬಹುದು. ಸೂಚ್ಯಂಕ ಹೇಳುವ ನಷ್ಟಕ್ಕೂ ರೈತನು ಅನುಭವಿಸುವ ನಷ್ಟಕ್ಕೂ ನಡುವಿನ ಈ ಅಂತರವನ್ನು ಆಧಾರ ಅಪಾಯ ಎಂದು ಕರೆಯುತ್ತಾರೆ. ಕಂತು ಕಟ್ಟಿದ್ದೂ ಬೆಳೆ ಹೋದದ್ದೂ ಎರಡೂ ನಿಜವಾಗಿರುವಾಗ ಪರಿಹಾರ ಬಾರದಿದ್ದರೆ ರೈತನಿಗೆ ಅದು ಮೋಸವೆಂದೇ ತೋರುತ್ತದೆ, ಆ ನೋವು ಸಹಜವಾದದ್ದು. ಘಟಕ ಚಿಕ್ಕದಾದಷ್ಟೂ ಈ ಅಂತರ ಕಿರಿದಾಗುತ್ತದೆ. ಹೋಬಳಿಯಿಂದ ಗ್ರಾಮ ಪಂಚಾಯಿತಿಗೆ ಇಳಿದದ್ದು ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ, ಆದರೆ ಘಟಕ ಚಿಕ್ಕದಾದಷ್ಟೂ ಪ್ರಯೋಗಗಳ ಸಂಖ್ಯೆಯೂ ಅದಕ್ಕೆ ಬೇಕಾದ ಸಿಬ್ಬಂದಿಯೂ ಹೆಚ್ಚುತ್ತವೆ.

ಈ ಅಂತರವನ್ನು ಭಾಗಶಃ ತುಂಬಲು ಯೋಜನೆಯಲ್ಲಿಯೇ ಕೆಲವು ದಾರಿಗಳಿವೆ. ಆಲಿಕಲ್ಲು ಮಳೆ, ಭೂಕುಸಿತ, ಜಲಾವೃತವಾಗುವುದು ಮೊದಲಾದ ಸ್ಥಳೀಯ ವಿಕೋಪಗಳಲ್ಲಿ ಒಬ್ಬೊಬ್ಬ ರೈತನ ಹೊಲವನ್ನೇ ಪರಿಶೀಲಿಸಬೇಕು. ಆದರೆ ನಷ್ಟವಾದ 72 ಗಂಟೆಗಳ ಒಳಗೆ ರೈತನು ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸಿರಬೇಕು. ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೆ ಕುಯ್ಲಾದ ದಿನದಿಂದ ಎರಡು ವಾರಗಳವರೆಗೆ ಅಕಾಲಿಕ ಮಳೆಯ ವಿರುದ್ಧ ರಕ್ಷಣೆಯಿದೆ. 2021ರ ನವೆಂಬರ್ ತಿಂಗಳಲ್ಲಿ ಎಡೆಬಿಡದೆ ಸುರಿದ ಮಳೆಗೆ ಬೆಂಗಳೂರು ಗ್ರಾಮಾಂತರ, ಕೋಲಾರ, ತುಮಕೂರು ಜಿಲ್ಲೆಗಳ ರಾಗಿ ತೆನೆಯಲ್ಲಿಯೇ ಮೊಳಕೆಯೊಡೆದದ್ದನ್ನು ನೆನೆದರೆ ಈ ಅಂಶದ ಬೆಲೆ ತಿಳಿಯುತ್ತದೆ. ಕೊಯ್ದ ರಾಗಿಯನ್ನು ಮೆದೆ ಹಾಕುವ ಮುನ್ನಿನ ಆ ಕೆಲವು ದಿನಗಳು ರೈತನಿಗೆ ಅತ್ಯಂತ ಆತಂಕದ ದಿನಗಳು. ಘಟಕದ ಮುಕ್ಕಾಲು ಭಾಗಕ್ಕೂ ಹೆಚ್ಚು ಪ್ರದೇಶದಲ್ಲಿ ಮಳೆಯಿಲ್ಲದೆ ಬಿತ್ತನೆಯೇ ಆಗದಿದ್ದರೆ ವಿಮಾ ಮೊತ್ತದ ಶೇ. 25ರಷ್ಟನ್ನು ಕೊಟ್ಟು ವಿಮೆಯನ್ನು ಮುಕ್ತಾಯಗೊಳಿಸುವ ಅವಕಾಶವೂ ಇದೆ.

ತೋಟಗಾರಿಕೆ ಬೆಳೆಗಳ ದಾರಿ ಬೇರೆ. ದ್ರಾಕ್ಷಿ, ಮಾವು, ದಾಳಿಂಬೆಗಳಂತಹ ಬೆಳೆಗಳಲ್ಲಿ ಇಳುವರಿಯನ್ನು ಒಂದೇ ದಿನ ಕೊಯ್ದು ತೂಗಲು ಬರುವುದಿಲ್ಲವಾದ್ದರಿಂದ ಅವಕ್ಕೆ ಹವಾಮಾನ ಆಧಾರಿತ ವಿಮೆಯೇ ಅನ್ವಯಿಸುತ್ತದೆ. 2013ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಸೀಮೆಯ ಬೆಳೆ. ದ್ರಾಕ್ಷಿ ಬಳ್ಳಿಗೆ ಬರಕ್ಕಿಂತ ಹೆಚ್ಚಾಗಿ ಹೂ ಕಾಯಿಯ ಹಂತದ ಮಳೆ, ತೇವ, ಮೋಡಗಳೇ ವೈರಿ. ಅವು ಕೂಡಿದಾಗ ಬೂಜು ರೋಗ ಹಬ್ಬುತ್ತದೆ. ಹೀಗಾಗಿ ದ್ರಾಕ್ಷಿಯ ವಿಮೆಯಲ್ಲಿ ಮಳೆಯ ಜೊತೆಗೆ ಉಷ್ಣತೆ ಮತ್ತು ಗಾಳಿಯ ತೇವಾಂಶದ ಅಂಕಿಗಳೂ ಮುಖ್ಯವಾಗುತ್ತವೆ.

ಈ ಅಂಕಿಗಳನ್ನು ಒದಗಿಸುವ ವಿಷಯದಲ್ಲಿ ಕರ್ನಾಟಕ ಇತರ ರಾಜ್ಯಗಳಿಗಿಂತ ಮುಂದೆ ಇದೆಯೆನ್ನುವುದು ಅತಿಶಯವಲ್ಲ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾಗಿ, ಇಂದು ಯಲಹಂಕದಲ್ಲಿ ನೆಲೆಗೊಂಡಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನೂ, ಹೋಬಳಿಗಳ ಮಟ್ಟದಲ್ಲಿ ಮಳೆಯ ಜೊತೆ ಉಷ್ಣತೆ, ತೇವಾಂಶ, ಗಾಳಿಯನ್ನು ಅಳೆಯುವ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿದೆ. ಇಂತಹ ಮಾಪಕದ ಮೇಲ್ಭಾಗದ ಆಲಿಕೆಗೆ ಬಿದ್ದ ನೀರು ಕೆಳಗಿರುವ ಪುಟ್ಟ ಜೋಡಿ ಬಟ್ಟಲಿಗೆ ಇಳಿಯುತ್ತದೆ. ಒಂದು ಬಟ್ಟಲು ತುಂಬಿ ವಾಲಿದಾಗ ಇನ್ನೊಂದು ಮೇಲೆದ್ದು ನೀರಿಗೆ ಒಡ್ಡಿಕೊಳ್ಳುತ್ತದೆ, ಪ್ರತಿಯೊಂದು ವಾಲುವಿಕೆಯೂ ಒಂದು ಎಣಿಕೆಯಾಗುತ್ತದೆ. ಸೌರಶಕ್ತಿಯಿಂದ ನಡೆಯುವ ಉಪಕರಣ ಈ ಎಣಿಕೆಯನ್ನು ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಕೇಂದ್ರಕ್ಕೆ ಕಳುಹಿಸುತ್ತದೆ. ಆಲಿಕೆಯಲ್ಲಿ ಎಲೆ ಸಿಕ್ಕಿಕೊಂಡರೆ, ಜೇಡ ಬಲೆ ಕಟ್ಟಿದರೆ, ಪಕ್ಕದಲ್ಲಿ ಮರವೋ ಗೋಡೆಯೋ ಎದ್ದು ಮಳೆಯನ್ನು ತಡೆದರೆ, ಅಂಕಿ ಕಡಿಮೆಯೋ ಹೆಚ್ಚೋ ಆಗಿ ಊರಿನ ಪರಿಹಾರ ಏರುಪೇರಾಗುತ್ತದೆ. ಈ ಉಪಕರಣದ ಆವರಣವನ್ನು ಕೆರೆಯ ತೂಬಿನಷ್ಟೇ ಎಚ್ಚರದಿಂದ ಊರು ಕಾಯಬೇಕಾಗಿದೆ.

ಎಲ್ಲ ವಿಶೇಷ ವಿಮೆಗಳೂ ಸೂಚ್ಯಂಕವನ್ನೇ ಆಧರಿಸುವುದಿಲ್ಲ. ಒಂದೊಂದನ್ನಾಗಿ ಗುರುತಿಸಬಹುದಾದ ವಸ್ತುವಿಗೆ ಹಳೆಯ ದಾರಿಯೇ ಸರಿ. ಹೊಸಕೋಟೆ ಸೀಮೆಯ ಹಾಲು ಉತ್ಪಾದಕರ ಮನೆಗಳಲ್ಲಿರುವ ಹಸುವಿನ ವಿಮೆ ಇದಕ್ಕೆ ಉದಾಹರಣೆ. ಪಶುವೈದ್ಯರು ಹಸುವಿನ ಆರೋಗ್ಯವನ್ನು ನೋಡಿ ಬೆಲೆ ನಿಗದಿಮಾಡಿ, ಕಿವಿಗೆ ಸಂಖ್ಯೆಯಿರುವ ಓಲೆ ಹಾಕಿಸುತ್ತಾರೆ. ಹಸು ಸತ್ತರೆ ಆ ಓಲೆ ಮತ್ತು ವೈದ್ಯರ ಪ್ರಮಾಣಪತ್ರ ಇಲ್ಲದೆ ಪರಿಹಾರ ದೊರೆಯುವುದಿಲ್ಲ. ಓಲೆ ಬಿದ್ದುಹೋದ ಕೂಡಲೇ ತಿಳಿಸಿ ಹೊಸದನ್ನು ಹಾಕಿಸುವುದನ್ನು ಮರೆತವರು ಸಾಲ ತೀರದ ಹಸುವನ್ನೂ ವಿಮೆಯನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ತೆಂಗು ಅಭಿವೃದ್ಧಿ ಮಂಡಳಿಯ ತೆಂಗಿನ ಮರದ ವಿಮೆಯೂ ಹೀಗೆಯೇ ಮರಗಳನ್ನು ಎಣಿಸಿ, ವಯಸ್ಸನ್ನು ನೋಡಿ ಮಾಡುವಂಥದ್ದು; ಒಂದೇ ಕಡೆ ಕನಿಷ್ಠ ಐದು ಆರೋಗ್ಯವಂತ ಮರಗಳಿರುವ ಬೆಳೆಗಾರ ಅದಕ್ಕೆ ಸೇರಬಹುದು, ಮತ್ತು ಕಂತಿನ ಬಹುಪಾಲನ್ನು ಮಂಡಳಿ ಹಾಗೂ ರಾಜ್ಯ ಸರ್ಕಾರ ಕೊಡುತ್ತವೆ.

ಮೈಸೂರಿನಲ್ಲಿ ಬರೆಯಲ್ಪಟ್ಟ ತತ್ತ್ವ ಇಂದು ಬೇರೆ ಬೇರೆ ನಾಡುಗಳಲ್ಲಿ ಕೆಲಸ ಮಾಡುತ್ತಿದೆ. ಮಂಗೋಲಿಯಾದಲ್ಲಿ ಕಡುಚಳಿಗೆ ಜಾನುವಾರುಗಳು ಸಾಯುವ ಪ್ರಮಾಣ ಒಂದು ಪ್ರದೇಶದಲ್ಲಿ ಮಿತಿ ಮೀರಿದಾಗ ದನಗಾಹಿಗಳಿಗೆ ಪರಿಹಾರ ದೊರೆಯುತ್ತದೆ. ಕೆನ್ಯಾದ ಮಾರ್ಸಾಬಿಟ್ ಸೀಮೆಯಲ್ಲಿ 2010ರಿಂದ ಉಪಗ್ರಹ ತೋರಿಸುವ ಹುಲ್ಲಿನ ಹಸಿರನ್ನು ಅಳೆದು ಪಶುಪಾಲಕರಿಗೆ ವಿಮೆ ಕೊಡಲಾಗುತ್ತಿದೆ. ಗುಜರಾತಿನಲ್ಲಿ 2023ರಲ್ಲಿ ಸ್ವಯಂ ಉದ್ಯೋಗಿ ಮಹಿಳೆಯರ ಸಂಘವಾದ ಸೇವಾ ಸಂಸ್ಥೆಯ ಸದಸ್ಯೆಯರಿಗೆ, ಉಷ್ಣತೆ ಗೊತ್ತಾದ ಮಿತಿಯನ್ನು ದಾಟಿದರೆ ಕೂಲಿನಷ್ಟ ತುಂಬಿಕೊಡುವ ವಿಮೆ ಆರಂಭವಾಯಿತು. ಅಪಾಯ ಯಾವುದೇ ಇರಲಿ, ಎಲ್ಲ ಕಡೆಯೂ ಪ್ರಶ್ನೆ ಒಂದೇ: ಅಳತೆ ಜನರ ನಷ್ಟಕ್ಕೆ ಎಷ್ಟು ಹತ್ತಿರವಾಗಿದೆ?

ಅನುಗೊಂಡನಹಳ್ಳಿ ಹೋಬಳಿಯಂತಹ ಕಡೆ ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಬೆಂಗಳೂರು ಪೂರ್ವಕ್ಕೆ ಬೆಳೆದಂತೆ ಹೊಸಕೋಟೆ ತಾಲ್ಲೂಕಿನ ಹೊಲಗಳ ನಡುವೆ ಬಡಾವಣೆಗಳೂ ಗೋದಾಮುಗಳೂ ಏಳುತ್ತಿವೆ. ರಾಗಿಯ ವಿಸ್ತೀರ್ಣ ಒಂದು ಪಂಚಾಯಿತಿಯಲ್ಲಿ ನಿಗದಿತ ಪ್ರಮಾಣಕ್ಕಿಂತ ಕಡಿಮೆಯಾದರೆ ಆ ಬೆಳೆಯ ವಿಮಾ ಘಟಕ ಮತ್ತೆ ಹೋಬಳಿಯ ಮಟ್ಟಕ್ಕೆ ಏರಬೇಕಾಗುತ್ತದೆ, ಅಂದರೆ ಅಳತೆ ರೈತನಿಂದ ಮತ್ತೆ ದೂರ ಸರಿಯುತ್ತದೆ. ಹೊಲ ಮಾರದೆ ಉಳಿದು ರಾಗಿ ಬೆಳೆಯುತ್ತಿರುವ ಕೊನೆಯ ಕೆಲವು ಕುಟುಂಬಗಳಿಗೇ ವಿಮೆಯ ಆಸರೆ ತೆಳುವಾಗುವುದು ನ್ಯಾಯವಲ್ಲ. ನಗರದ ಅಂಚಿನ ಹೋಬಳಿಗಳಿಗೆ ಕನಿಷ್ಠ ವಿಸ್ತೀರ್ಣದ ನಿಯಮವನ್ನು ಸಡಿಲಿಸಿ, ಪ್ರಯೋಗಗಳ ಸಂಖ್ಯೆಯನ್ನು ಕಾಯ್ದುಕೊಳ್ಳುವ ಬಗ್ಗೆ ಸರ್ಕಾರ ಯೋಚಿಸಬೇಕಾದ ಕಾಲ ಬಂದಿದೆ.

ರೈತನ ಕಡೆಯಿಂದ ಆಗಬೇಕಾದ ಕೆಲಸಗಳೂ ಸ್ಪಷ್ಟವಾಗಿವೆ. ಋತುವಿನ ಅಧಿಸೂಚನೆಯಲ್ಲಿ ತನ್ನ ಪಂಚಾಯಿತಿಗೆ ಯಾವ ಬೆಳೆ ಸೇರಿದೆ, ನೋಂದಣಿಯ ಕೊನೆಯ ದಿನ ಯಾವುದು ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಬೇಕು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್‌ಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಬೇಕು. ವಿಮೆ ಮಾಡಿಸಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ಬೇರೆಯಾದರೆ ಅರ್ಜಿ ತಿರಸ್ಕೃತವಾಗುತ್ತದಾದ್ದರಿಂದ ಸಮೀಕ್ಷೆಯ ದಾಖಲೆಯನ್ನು ತಾನೇ ಪರಿಶೀಲಿಸಬೇಕು, ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಕಂತು ಕಟ್ಟಿದ ರಸೀದಿಯ ಸಂಖ್ಯೆಯನ್ನು ಇಟ್ಟುಕೊಂಡರೆ ಸಂರಕ್ಷಣೆ ಪೋರ್ಟಲಿನಲ್ಲಿ ಅರ್ಜಿಯ ಸ್ಥಿತಿಯನ್ನು ನೋಡಬಹುದು. ಸರ್ಕಾರದ ಕಡೆಯಿಂದಲೂ ಒಂದು ಸರಳ ಕ್ರಮ ಅತ್ಯಗತ್ಯ: ಪ್ರತಿ ಪಂಚಾಯಿತಿ ಕಚೇರಿಯ ಫಲಕದ ಮೇಲೆ ಆ ಋತುವಿನ ಮಳೆಯ ಅಂಕಿ, ಖಾತರಿ ಇಳುವರಿ, ಕಟಾವು ಪ್ರಯೋಗ ನಡೆಯುವ ಸರ್ವೆ ನಂಬರು ಮತ್ತು ದಿನ, ಬಂದ ತೂಕ ಇವಿಷ್ಟನ್ನೂ ಕನ್ನಡದಲ್ಲಿ ಬರೆದು ಹಾಕಬೇಕು. ಪರಿಹಾರ ಬಂದರೆ ಏಕೆ ಬಂತೆಂದೂ ಬಾರದಿದ್ದರೆ ಏಕೆ ಬರಲಿಲ್ಲವೆಂದೂ ರೈತನು ತಾನೇ ಕೂಡಿ ಕಳೆದು ನೋಡಲು ಸಾಧ್ಯವಾದ ದಿನ, ವಿಮೆಯ ಕಂತು ಕಟ್ಟಿ ಎಂದು ಯಾರೂ ಅವನನ್ನು ಒತ್ತಾಯಿಸಬೇಕಾಗುವುದಿಲ್ಲ.